ಪೂಜೆಗಿಟ್ಟ ಡ್ರ್ಯಾಗನ್

ನಲವತ್ತು ದಾಟಿದ ಹೆಂಗಸು ಡ್ರ್ಯಾಗನ್ ಕಥೆ ಓದುತ್ತಾಳೆ ಎಂದರೆ ಜನರಿಗೆ ನಗು ಬರುತ್ತದೆ. ನಗಲಿ, ನನ್ನ ಗಂಟೇನು ಹೋಗುತ್ತದೆ. ನಾನು ಓದುತ್ತೇನೆ. ಆಫೀಸಿನ ಊಟದ ಬಿಡುವಿನಲ್ಲಿ ಓದುತ್ತೇನೆ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿಗೆ ಕಾಯುತ್ತ ಓದುತ್ತೇನೆ, ಒಲೆಯ ಮೇಲೆ ಕುಕ್ಕರ್ ಕೂಗುವಾಗ ಓದುತ್ತೇನೆ. ಮುಖಪುಟಕ್ಕೆ ಪೇಪರ್ ಸುತ್ತಿಕೊಂಡು ಕದ್ದು ಓದುವ ಅಭ್ಯಾಸ ನನಗಿಲ್ಲ. ರೆಕ್ಕೆ ಬಿಚ್ಚಿದ ಪ್ರಾಣಿಯ ಚಿತ್ರ ಎದುರಿನವರಿಗೆ ಕಾಣುವ ಹಾಗೆಯೇ ಹಿಡಿದುಕೊಳ್ಳುತ್ತೇನೆ. ಒಮ್ಮೆ ನಮ್ಮ ಬಿಲ್ಡಿಂಗಿನ ಲಿಫ್ಟಿನಲ್ಲಿ ಮೇಲಿನ ಮಹಡಿಯವರೊಬ್ಬರು ಪುಸ್ತಕ ನೋಡಿ, "ಮಗಳದ್ದಾ?" ಎಂದು ಕೇಳಿದರು. "ಅಲ್ಲ, ನನ್ನದು," ಎಂದೆ. ಆಮೇಲೆ ಅವರು ಬಾಗಿಲ ಮೇಲಿನ ನಂಬರುಗಳನ್ನೇ ನೋಡುತ್ತ ನಿಂತರು.

ನಿಜ ಹೇಳಬೇಕೆಂದರೆ ಅದು ಮಗಳದ್ದೂ ಹೌದು. ನಮ್ಮಿಬ್ಬರದ್ದು.

ಕಥೆ ಇಷ್ಟು. ಸಮುದ್ರದ ಅಂಚಿನಲ್ಲಿ ಉಪ್ಪು ತೆಗೆಯುವವರ ಮನೆಯ ಹುಡುಗಿಯೊಬ್ಬಳು. ಅವಳಿಗೆ ಸಿಕ್ಕಿದ ಡ್ರ್ಯಾಗನ್ ಮುದಿಯದು, ಬೆಂಕಿ ಉಗುಳಲು ಬಾರದು. ಕೆಮ್ಮಿದರೆ ಮೂಗಿನಲ್ಲಿ ಒಂದಿಷ್ಟು ಹೊಗೆ ಬರುತ್ತದೆ, ಅಷ್ಟೆ. ಕೆಲಸಕ್ಕೆ ಬಾರದ ಪ್ರಾಣಿಯೆಂದು ರಾಜನ ಸೈನಿಕರು ಅದನ್ನು ಕೊಲ್ಲಲು ಬಂದಾಗ ಹುಡುಗಿ ಅದರ ಬೆನ್ನೇರಿ ಹಾರಿಹೋಗುತ್ತಾಳೆ. ಅಲ್ಲಿಂದ ಮುಂದೆ ಊರೂರು, ಯುದ್ಧ, ಮೋಸ, ಹಸಿವು. ಐದು ಭಾಗಗಳಲ್ಲಿ ಮುಗಿಸುತ್ತೇನೆಂದು ಬರೆದವರು ಮಾತು ಕೊಟ್ಟಿದ್ದರು. ನಾಲ್ಕು ಬಂದವು. ನಾಲ್ಕನೆಯದರ ಕೊನೆಯ ಪುಟದಲ್ಲಿ ಹುಡುಗಿ ದಡಕ್ಕೆ ಬಂದು ಬೀಳುತ್ತಾಳೆ, ಡ್ರ್ಯಾಗನ್ ಅಲೆಗಳ ಕೆಳಗೆ ಕಾಣೆಯಾಗುತ್ತದೆ. ಅಲ್ಲಿಗೆ ಅವರು ಕಥೆ ನಿಲ್ಲಿಸಿ ಸುಮ್ಮನಾಗಿಬಿಟ್ಟರು. ಮುಂದಿನ ವರ್ಷ, ಮುಂದಿನ ವರ್ಷ ಎನ್ನುತ್ತ ಏಳನೇ ಕ್ಲಾಸಿನಲ್ಲಿದ್ದ ನನ್ನ ಮಗಳನ್ನು ಹನ್ನೆರಡನೇ ಕ್ಲಾಸಿನವರೆಗೆ ಕಾಯಿಸಿದರು. ಅಷ್ಟು ಸಿಟ್ಟು ನನಗೆ ನಮ್ಮ ಆಫೀಸಿನ ಮ್ಯಾನೇಜರ ಮೇಲೂ ಬಂದಿಲ್ಲ.

ಇದು ಶುರುವಾದದ್ದು ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ. ನಾವಿರುವುದು ಬಹ್ರೇನಿನ ಉಮ್ ಅಲ್ ಹಸ್ಸಮ್‌ನಲ್ಲಿ, ಅವಳ ಶಾಲೆ ಈಸಾ ಟೌನಿನಲ್ಲಿ. ಸ್ಕೂಲ್ ಬಸ್ಸಿನಲ್ಲಿ ಕೂತರೆ ದಿನವೂ ವಾಂತಿ ಮಾಡಿಕೊಳ್ಳುತ್ತಿದ್ದಳು. ಗಂಡನದು ಶಿಫ್ಟ್ ಕೆಲಸ. ಹಾಗಾಗಿ ನಾನೇ ಅವಳನ್ನು ಬಿಟ್ಟು, ತಿರುಗಿ ಬಂದು ಆಫೀಸಿಗೆ ಹೋಗುವುದೆಂದಾಯಿತು. ಆ ಹೊತ್ತಿಗೆ ಮಗಳು ಕನ್ನಡ ಬಿಟ್ಟಿದ್ದಳು. ಊಟಕ್ಕೆ ಬಾ ಎಂದರೆ ಇಂಗ್ಲಿಷಿನಲ್ಲಿ ಉತ್ತರ. ಊರಿನಿಂದ ನನ್ನಮ್ಮ ಫೋನ್ ಮಾಡಿದರೆ ಹೆಲೋ ಎಂದು ಹೇಳಿ ಫೋನನ್ನು ನನ್ನ ಕೈಗೆ ತುರುಕುತ್ತಿದ್ದಳು. ಇಲ್ಲಿ ಎಲ್ಲರ ಮನೆಯ ಕಥೆಯೂ ಅದೇ. ಕಲಿಸಬೇಕು ಕಲಿಸಬೇಕು ಎಂದು ಎಲ್ಲರೂ ಹೇಳುತ್ತಾರೆ, ಅಕ್ಷರಮಾಲೆಯ ಪುಸ್ತಕ ತರಿಸುತ್ತಾರೆ, ಅದು ಕಪಾಟಿನಲ್ಲಿ ಹೊಸದಾಗಿಯೇ ಉಳಿಯುತ್ತದೆ. ನಾನೂ ತರಿಸಿದ್ದೆ.

ಕಾರಿನಲ್ಲಿ ಅವಳು ಅಳದೆ ಕೂರಲಿ ಎಂದು ಒಂದು ಬೆಳಿಗ್ಗೆ ನಾನು ಓದುತ್ತಿದ್ದ ಡ್ರ್ಯಾಗನ್ ಕಥೆಯನ್ನು ಹೇಳತೊಡಗಿದೆ. ಪುಸ್ತಕ ಇಂಗ್ಲಿಷಿನದು, ನನ್ನ ಬಾಯಲ್ಲಿ ಬಂದದ್ದು ಕನ್ನಡ. ಡ್ರ್ಯಾಗನ್ ಮಾತಾಡಬೇಕಾದಾಗ ನನಗೆ ಹೊಳೆದದ್ದು ನನ್ನ ಅಜ್ಜಿಯ ಧಾಟಿ. ಉಡುಪಿ ಕಡೆಯ ಮುದುಕಿ, ಪ್ರೀತಿ ಬಂದರೂ ಬೈಯುವವಳು, ಸಿಟ್ಟು ಬಂದರೂ ಬೈಯುವವಳು. "ಎಂತ ಮಾರಾಯ್ತಿ, ನಿಂಗೆ ಬುದ್ಧಿ ಉಂಟಾ? ಗಾಳಿ ಈ ನಮೂನೆ ಬೀಸುವಾಗ ಯಾರಾದ್ರೂ ಹಾರ್ತಾರಾ?" ಎಂದಿತು ಡ್ರ್ಯಾಗನ್. ಹಿಂದಿನ ಸೀಟಿನಲ್ಲಿ ಮಗಳು ಖಿಲ್ಲನೆ ನಕ್ಕಳು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಕೇಳಿದಳು. "ಡ್ರ್ಯಾಗನ್‌ಗೆ ಇಂಗ್ಲಿಷ್ ಬರುವುದಿಲ್ಲ," ಎಂದೆ. ಅವಳು ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಕೂತಳು. ಹೈವೇಗೆ ಬರುವಷ್ಟರಲ್ಲಿ ತಡೆಯಲಾಗದೆ, "ಅದು, ಅದು, ಎಲ್ಲಿ ಮಲಗ್ತದೆ?" ಎಂದು ಕೇಳಿದಳು.

ಅಂದಿನಿಂದ ಅದೇ ಪದ್ಧತಿ. ಮಧ್ಯಾಹ್ನ ಆಫೀಸಿನಲ್ಲಿ ಟಿಫಿನ್ ಡಬ್ಬಿಯ ಪಕ್ಕದಲ್ಲಿ ನಾನು ಒಂದು ಅಧ್ಯಾಯ ಓದುವುದು, ಮರುದಿನ ಬೆಳಿಗ್ಗೆ ಕಾರಿನಲ್ಲಿ ಅದನ್ನು ಹೇಳುವುದು. ಒಂದು ಅಧ್ಯಾಯಕ್ಕಿಂತ ಮುಂದೆ ನಾನು ಓದುವಂತಿಲ್ಲ, ಅವಳು ಪುಸ್ತಕ ಮುಟ್ಟುವಂತೆಯೇ ಇಲ್ಲ. ಕಿರುಬೆರಳಿಗೆ ಕಿರುಬೆರಳು ಕೊಕ್ಕೆ ಹಾಕಿ ಮಾಡಿಕೊಂಡ ಒಪ್ಪಂದ ಅದು. ಕೊನೆಯ ಭಾಗ ಬಂದಾಗಲೂ ಹೀಗೆಯೇ, ಯಾರೂ ಯಾರನ್ನೂ ಬಿಟ್ಟು ಓದಬಾರದು ಎಂದು ಅವಳೇ ಸೇರಿಸಿದ್ದಳು. ಅಕ್ಷರಮಾಲೆ ಮಾಡದ ಕೆಲಸವನ್ನು ಕೆಮ್ಮುವ ಡ್ರ್ಯಾಗನ್ ಮಾಡಿತು. ಮಗಳು ಜಗಳವಾಡುವಷ್ಟು ಕನ್ನಡ ಕಲಿತಳು, ಊರಿಗೆ ಹೋದಾಗ ನನ್ನಮ್ಮನ ಜೊತೆ ಮಾತಿಗೆ ಮಾತು ಕೊಟ್ಟಳು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ.

ನಾಲ್ಕನೆಯ ಭಾಗ ಮುಗಿದ ಮೇಲೆ ಕಾರಿನಲ್ಲಿ ಹೇಳಲು ಏನೂ ಉಳಿಯಲಿಲ್ಲ. ಬೇರೆ ಕಥೆ ಹೇಳಿ ನೋಡಿದೆ, ಹಿಡಿಸಲಿಲ್ಲ. ಮಗಳು ಹಿಂದಿನ ಸೀಟಿನಿಂದ ಮುಂದಿನ ಸೀಟಿಗೆ ಬಂದಳು, ಕಿವಿಗೆ ಇಯರ್‌ಫೋನ್ ಬಂತು. ಬರಬರುತ್ತ ನಮ್ಮ ನಡುವಿನ ಮಾತು ಟಿಫಿನ್ ಹಾಕಿದ್ದೀಯಾ, ನೀರು ತಗೊಂಡೆಯಾ ಎಂಬಷ್ಟಕ್ಕೆ ಬಂದು ನಿಂತಿತು. ಅದಕ್ಕೂ ಅವಳ ಉತ್ತರ ಇಂಗ್ಲಿಷಿನಲ್ಲಿ. ಇನ್ನೊಂದು ವರ್ಷಕ್ಕೆ ಅವಳು ಕಾಲೇಜಿಗೆಂದು ಈ ಊರು ಬಿಡುವವಳಿದ್ದಳು. ಹೋಗುವ ಮೊದಲು ಆ ಕಾರು ಒಮ್ಮೆ ಮತ್ತೆ ಮಾತಾಡಬೇಕು ಎಂಬುದು ನನ್ನ ಆಸೆಯಾಗಿತ್ತು. ಐದನೆಯ ಭಾಗಕ್ಕಾಗಿ ನಾನು ಹಾಗೆ ಕಾದದ್ದು ಡ್ರ್ಯಾಗನ್ ಬದುಕಿದೆಯೋ ಇಲ್ಲವೋ ಎಂದು ತಿಳಿಯಲಿಕ್ಕೆ ಮಾತ್ರ ಅಲ್ಲ.

ಕೊನೆಗೂ ಪುಸ್ತಕ ಬಂತೆಂಬ ಸುದ್ದಿ ಬಂತು. ನಾನು ಅಡುಗೆಮನೆಯಿಂದಲೇ ಕೂಗಿ ಮಗಳಿಗೆ ಹೇಳಿದೆ. ಅವಳು ಕೋಣೆಯ ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ, "ನೀನು ಓದ್ಕೋ ಅಮ್ಮ. ನಂಗೆ ಬೋರ್ಡ್ ಎಗ್ಸಾಮ್ ಉಂಟು, ಟೈಮ್ ಇಲ್ಲ," ಎಂದಳು. ನನಗೆ ಅಳು ಬಂತು. ಅವಳ ಎದುರು ಅಳಲಿಲ್ಲ, ಈರುಳ್ಳಿ ಹೆಚ್ಚುತ್ತಿದ್ದೆ, ಅನುಕೂಲವಾಯಿತು. ಆದರೂ ಪುಸ್ತಕ ತರಿಸುವುದನ್ನು ಬಿಡಲಿಲ್ಲ. ಬೇಡ ಎಂದವಳಿಗೆ ಬೇಕೆನ್ನಿಸುವುದು ಹೇಗೆಂದು ನನಗೆ ಗೊತ್ತು, ಎರಡನೇ ಕ್ಲಾಸಿನಲ್ಲೇ ಮಾಡಿ ತೋರಿಸಿದ್ದೇನೆ.

ಇಲ್ಲಿನ ಮಾಲಿನ ಪುಸ್ತಕದಂಗಡಿಯಲ್ಲಿ ಕೇಳಿದಾಗಲೆಲ್ಲ "ಇನ್‌ಶಾ ಅಲ್ಲಾ, ಮುಂದಿನ ವಾರ" ಎಂಬ ಉತ್ತರ. ಅಷ್ಟರಲ್ಲಿ ನನ್ನ ಅತ್ತಿಗೆ ರಜೆಗೆ ಊರಿಗೆ ಹೋಗಿದ್ದರು. ಅತ್ತಿಗೆಯೆಂದರೆ ನನ್ನ ಗಂಡನ ಅಕ್ಕ, ಇಲ್ಲೇ ಹತ್ತಿರದ ಜಿಂಜ್‌ನಲ್ಲಿ ಅವರ ಮನೆ. ನಮ್ಮ ಕುಟುಂಬದ ಹಬ್ಬ, ಹರಕೆ, ಮಕ್ಕಳ ಮಾರ್ಕು ಎಲ್ಲವೂ ಅವರ ಇಲಾಖೆ. ಅವರ ಮಗ ಮೆಡಿಕಲ್ ಓದುತ್ತಿದ್ದಾನೆ. ಅವನು ಹನ್ನೆರಡನೇ ಕ್ಲಾಸಿನಲ್ಲಿದ್ದಾಗ ಅವರ ಮನೆಯ ಟೀವಿಗೆ ಬಟ್ಟೆ ಹೊದಿಸಿದ್ದರು. ಬಹ್ರೇನಿಗೆ ಬರುವವರ ಪೆಟ್ಟಿಗೆಯಲ್ಲಿ ನಮ್ಮ ಸಾಮಾನಿಗೂ ಜಾಗ ಕೇಳುವುದು ಇಲ್ಲಿ ಎಲ್ಲರ ರೂಢಿ. ನಾನು ಮಂಗಳೂರಿನ ಅಂಗಡಿಗೆ ಫೋನ್ ಮಾಡಿ ಪುಸ್ತಕ ಕಟ್ಟಿಡಲು ಹೇಳಿದೆ, ಗಂಡ ಅಕ್ಕನಿಗೆ ಫೋನ್ ಮಾಡಿದರು. "ಮಗಳಿಗೆ ಒಂದು ಪುಸ್ತಕ ಬೇಕಿತ್ತು ಅಕ್ಕ. ಅಂಗಡಿಯಲ್ಲಿ ಕಟ್ಟಿಟ್ಟಿದ್ದಾರೆ. ಸ್ವಲ್ಪ ದಪ್ಪದ್ದು," ಎಂದರು. ಎಂಥ ಪುಸ್ತಕವೆಂದು ಅವರು ಹೇಳಲಿಲ್ಲ, ಅತ್ತಿಗೆ ಕೇಳಲೂ ಇಲ್ಲ. ಹನ್ನೆರಡನೇ ಕ್ಲಾಸಿನ ಹುಡುಗಿಗೆ ದಪ್ಪ ಪುಸ್ತಕ ಎಂದರೆ ಎಂಟ್ರೆನ್ಸ್ ಪರೀಕ್ಷೆಯ ಗೈಡ್ ಅಲ್ಲದೆ ಇನ್ನೇನಿರಲು ಸಾಧ್ಯ?

ಅತ್ತಿಗೆ ಗುರುವಾರ ಬೆಳಿಗ್ಗೆ ಬಂದಿಳಿದರು. ನವರಾತ್ರಿಯ ಕೊನೆಯ ದಿನಗಳು. ಪ್ರತಿವರ್ಷ ಅವರ ಮನೆಯಲ್ಲಿ ಶಾರದೆಯ ಪೂಜೆಗೆ ಪುಸ್ತಕ ಇಡುವುದುಂಟು. ನಾವು ಮೂರ್ನಾಲ್ಕು ಮನೆಯವರು ಮಕ್ಕಳ ಪುಸ್ತಕಗಳನ್ನು ಒಯ್ದು ಕೊಡುತ್ತೇವೆ. ಒಮ್ಮೆ ಇಟ್ಟ ಮೇಲೆ ವಿಜಯದಶಮಿಯವರೆಗೆ ಅವುಗಳನ್ನು ಮುಟ್ಟುವಂತಿಲ್ಲ, ಓದುವಂತಿಲ್ಲ. ದಶಮಿಯ ಬೆಳಿಗ್ಗೆ ಪೂಜೆ ಮುಗಿಸಿ ತೆಗೆದಾಗ ಮಾತ್ರ ಪ್ರತಿಯೊಬ್ಬರೂ ತಮ್ಮ ಪುಸ್ತಕ ಬಿಡಿಸಿ ಗಟ್ಟಿಯಾಗಿ ಓದಲೇಬೇಕು. ಓದದೆ ಎದ್ದರೆ ವಿದ್ಯೆ ಒಲಿಯುವುದಿಲ್ಲ ಎಂಬುದು ಅತ್ತಿಗೆಯ ಶಾಸನ. ಎಲ್.ಕೆ.ಜಿ. ಮಗುವೂ ಬಾಯಿಪಾಠದ ಎರಡು ಸಾಲು ಹೇಳಿಯೇ ಪಾಯಸಕ್ಕೆ ಕೈ ಹಾಕಬೇಕು.

ಆ ಸಂಜೆ ಮಗಳ ಫಿಸಿಕ್ಸು, ಕೆಮಿಸ್ಟ್ರಿ ಹೊತ್ತುಕೊಂಡು ಜಿಂಜ್‌ಗೆ ಹೋದೆ. ಮಗಳು ಟ್ಯೂಷನ್‌ಗೆ ಹೋಗಿದ್ದಳು. ಅತ್ತಿಗೆ ಪ್ರಯಾಣದ ಸುಸ್ತಿನಲ್ಲೂ ಮಡಿ ಸೀರೆಯುಟ್ಟು ಮಣೆಯ ಮೇಲೆ ಪುಸ್ತಕಗಳ ರಾಶಿ ಜೋಡಿಸುತ್ತಿದ್ದರು. ಎಲ್ಲಕ್ಕಿಂತ ಮೇಲೆ, ಸೇವಂತಿಗೆ ಹೂವಿನ ಕೆಳಗೆ, ಖಾಕಿ ಕಾಗದದಲ್ಲಿ ಬಿಗಿಯಾಗಿ ಸುತ್ತಿದ ದಪ್ಪನೆಯ ಒಂದು ಕಟ್ಟು. ಮೇಲೆ ಮಂಗಳೂರಿನ ಅಂಗಡಿಯ ಚೀಟಿ.

"ನಿನ್ನ ಮಗಳ ಪುಸ್ತಕ ತಂದೆ ನೋಡು," ಎಂದರು ಅತ್ತಿಗೆ. "ಏರ್‌ಪೋರ್ಟಿನಲ್ಲಿ ತೂಕ ಜಾಸ್ತಿ ಅಂದ್ರು. ಎಂತದಾದ್ರೂ ತೆಗೀಬೇಕಿತ್ತು. ಹಲಸಿನ ಹಪ್ಪಳದ ಕಟ್ಟನ್ನೇ ತೆಗ್ದು ಬಿಡ್ಲಿಕ್ಕೆ ಬಂದವರ ಕೈಗೆ ಕೊಟ್ಟೆ. ವಿದ್ಯೆ ಮೊದಲು, ನಾಲಿಗೆ ಚಪಲ ಆಮೇಲೆ. ಹೊಸ ಪುಸ್ತಕ, ದೇವರ ಎದುರೇ ಬಿಡಿಸುವ ಅಂತ ಹಾಗೇ ಇಟ್ಟಿದ್ದೇನೆ."

ಅತ್ತಿಗೆಗೆ ಹಲಸಿನ ಹಪ್ಪಳವೆಂದರೆ ಪ್ರಾಣ. ಆ ಕ್ಷಣ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಅದು ಪೂಜೆಯಿಂದ ಇಳಿದು ನೇರವಾಗಿ ಅವರ ಕಬ್ಬಿಣದ ಕಪಾಟು ಸೇರುತ್ತಿತ್ತು, ಪರೀಕ್ಷೆ ಮುಗಿಯುವವರೆಗೆ ಹೊರಗೆ ಬರುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕೈಮುಗಿದೆ. ಹಾಗೆ ಮಾಡಿದ್ದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಹಪ್ಪಳದ ಬಗ್ಗೆ ಮಾತ್ರ ಸ್ವಲ್ಪ ಇದೆ.

ಆಮೇಲಿನ ದಿನಗಳು ನನಗೆ ಹಿಂಸೆ. ವರ್ಷಗಟ್ಟಲೆ ಕಾದ ಪುಸ್ತಕ, ಕಾರಿನಲ್ಲಿ ಹೋದರೆ ಹತ್ತಿರದ ದಾರಿ, ಮುಟ್ಟುವಂತಿಲ್ಲ. ಶುಕ್ರವಾರ ಆರತಿಗೆಂದು ಹೋದಾಗ ಎಲ್ಲರೂ ದೇವಿಯನ್ನು ನೋಡುತ್ತಿದ್ದರೆ ನಾನು ಖಾಕಿ ಕಾಗದ ನೋಡುತ್ತಿದ್ದೆ. ಗಂಡನಿಗೆ ವಿಷಯ ಹೇಳಿದ್ದೆ. "ನಾನೀಗ ಅಕ್ಕನಿಗೆ ಹೇಳಿಬಿಡಲಾ?" ಎಂದು ಅವರು ಮೆಲ್ಲಗೆ ಕೇಳಿದರು. "ಹೇಳಿ ನೋಡಿ," ಎಂದೆ. ಅವರು ಹೇಳಲಿಲ್ಲ.

ದಶಮಿ ಶನಿವಾರ ಬಿದ್ದಿತ್ತು, ಇಲ್ಲಿ ಶುಕ್ರ-ಶನಿ ವಾರದ ರಜೆ. ಅತ್ತಿಗೆಯ ಹಾಲ್ ತುಂಬ ಜನ. ಪೂಜೆ ಮುಗಿಯಿತು, ಅಕ್ಷತೆ ಹಾಕಿ ಪುಸ್ತಕಗಳನ್ನು ತೆಗೆದರು. ಅತ್ತಿಗೆ ಖಾಕಿ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮಗಳನ್ನು ಕರೆದರು. "ಎಲ್ಲರಿಗಿಂತ ಮೊದಲು ನೀನು. ನಿನ್ನ ಪರೀಕ್ಷೆ ಮುಖ್ಯ. ಬಿಡಿಸು, ಮೊದಲನೇ ಪುಟ ಗಟ್ಟಿಯಾಗಿ ಓದು," ಎಂದರು.

ಮಗಳು ಟೇಪ್ ಕಿತ್ತಳು. ಕಾಗದ ಸರಿಯಿತು. ನೀಲಿ ಸಮುದ್ರ, ಅದರ ಮೇಲೆ ಹರಿದ ರೆಕ್ಕೆಯ ಮುದಿ ಡ್ರ್ಯಾಗನ್, ಅದರ ಕತ್ತಿಗೆ ಅಂಟಿಕೊಂಡು ಕೂತ ಕತ್ತರಿಸಿದ ಕೂದಲಿನ ಹುಡುಗಿ. ಒಂದು ಕ್ಷಣ ಊದುಬತ್ತಿಯ ಹೊಗೆ ಮಾತ್ರ ಅಲ್ಲಾಡುತ್ತಿತ್ತು. ಆಮೇಲೆ ಚಿಕ್ಕ ಮಕ್ಕಳೆಲ್ಲ "ಡ್ರ್ಯಾಗನ್! ಡ್ರ್ಯಾಗನ್!" ಎಂದು ಮುತ್ತಿಕೊಂಡರು. ಗಂಡ ಎಸಿಯ ಕಡೆ ಮುಖ ಮಾಡಿ ಅದರ ಗಾಳಿಯನ್ನು ಪರೀಕ್ಷಿಸತೊಡಗಿದರು.

"ಇದೆಂತದು?" ಎಂದರು ಅತ್ತಿಗೆ.

"ಕಾದಂಬರಿ," ಎಂದೆ.

"ನಾನು ಹಪ್ಪಳ ಬಿಟ್ಟು ಹೊತ್ತು ತಂದದ್ದು ಈ ಹಲ್ಲಿಯನ್ನಾ?"

ಯಾರೋ ಕಿಸಕ್ಕೆಂದರು. ಅತ್ತಿಗೆಯ ಮುಖ ಕೆಂಪಾಯಿತು. "ಅದನ್ನು ಆಚೆ ಇಡು ಮಗ, ಫಿಸಿಕ್ಸ್ ತಗೋ," ಎಂದರು ಮಗಳಿಗೆ. ನಾನು ಎದ್ದು ನಿಂತೆ. ನನಗೆ ಎಲ್ಲರೆದುರು ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಆದರೂ ಹೇಳಿದೆ. "ಆಚೆ ಇಡ್ಲಿಕ್ಕೆ ಆಗುದಿಲ್ಲ ಅತ್ತಿಗೆ. ಪೂಜೆಗಿಟ್ಟ ಪುಸ್ತಕ ಓದದೆ ಏಳಬಾರದು ಅಂತ ಪ್ರತಿವರ್ಷ ನೀವೇ ಹೇಳ್ತೀರಿ. ಹೂ ಇಟ್ಟದ್ದೂ ನೀವೇ, ಆರತಿ ಎತ್ತಿದ್ದೂ ನೀವೇ."

"ಇದು ಪುಸ್ತಕವಾ?"

"ಹೌದು, ಪುಸ್ತಕವೇ. ನನ್ನ ಮಗಳಿಗೆ ಕನ್ನಡ ಬಂದದ್ದು ಇದರಿಂದ. ನೀವು ಪ್ರತಿಸಲ ಎಲ್ಲರಿಗೂ ಹೇಳ್ತೀರಲ್ಲ, ನಮ್ಮ ಮಕ್ಕಳಲ್ಲಿ ಕನ್ನಡ ಮಾತಾಡುವವಳು ಇವಳೊಬ್ಬಳೇ ಅಂತ? ಕಲಿಸಿದ ಮೇಷ್ಟ್ರು ಇವನೇ." ನಾನು ಮುಖಪುಟಕ್ಕೆ ಬೆರಳು ತೋರಿಸಿದೆ.

ಅತ್ತಿಗೆ ಆಡಿದ ಮಾತಿಗೆ ನಿಲ್ಲುವ ಹೆಂಗಸು, ಅವರದೇ ನಿಯಮ ಅವರನ್ನೇ ಕಟ್ಟಿಹಾಕಿತ್ತು. "ಒಂದು ಪುಟ. ಓದಿ ಮುಗಿಸಿ," ಎಂದು ಕುರ್ಚಿಯಲ್ಲಿ ಕೂತರು. ನಾನು ಮಗಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. "ನಾನು ಓದುದಿಲ್ಲ ಅಮ್ಮ, ಪ್ಲೀಸ್," ಎಂದು ಪುಸ್ತಕವನ್ನು ನನ್ನ ಕೈಗಿಟ್ಟಳು. ನಾಚಿಕೆಯಾಗಿರಬೇಕು, ಅಮ್ಮ ಹೀಗೆ ಎಲ್ಲರೆದುರು ನಿಂತರೆ ಯಾವ ಹುಡುಗಿಗೆ ನಾಚಿಕೆಯಾಗುವುದಿಲ್ಲ ಎಂದುಕೊಂಡೆ. ಹಾಗಂತ ಬಿಡಲು ನಾನು ಸಿದ್ಧಳಿರಲಿಲ್ಲ. ಚಾಪೆಯ ಮೇಲೆ ಮಕ್ಕಳ ನಡುವೆ ಕೂತು, ಪುಸ್ತಕ ಬಿಚ್ಚಿ, ಓದತೊಡಗಿದೆ. ಕಣ್ಣು ಇಂಗ್ಲಿಷಿನ ಮೇಲೆ, ಬಾಯಲ್ಲಿ ಕನ್ನಡ. ಇಷ್ಟು ವರ್ಷ ಬಿಟ್ಟಿದ್ದರೂ ತಡವರಿಸಲಿಲ್ಲ.

ಮೊದಲ ಅಧ್ಯಾಯದಲ್ಲಿ ಹುಡುಗಿ ದಡದಲ್ಲಿ ನಿಂತಿದ್ದಾಳೆ. ದಿನವೂ ಬಂದು ಸಮುದ್ರದ ಕಡೆ ಮುಖ ಮಾಡಿ ಕೂಗುತ್ತಾಳೆ. ಉತ್ತರವಿಲ್ಲ. ಊರಿನವರು ಅದು ಸತ್ತಿತು, ಮನೆಗೆ ನಡಿ ಎನ್ನುತ್ತಾರೆ. ಅವಳು ನಡೆಯುವುದಿಲ್ಲ, ಮತ್ತೆ ಕೂಗುತ್ತಾಳೆ. ಒಂದು ಪುಟ ಎಂದೋ ದಾಟಿತ್ತು, ಅತ್ತಿಗೆ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಅಷ್ಟರಲ್ಲಿ ನನ್ನ ಮೊಣಕಾಲಿಗೆ ಒರಗಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳ ತುಟಿ ನಡುಗಿತು. "ಡ್ರ್ಯಾಗನ್ ಸತ್ತೋಯ್ತಾ?" ಎಂದು ಅಳಲು ಶುರುಮಾಡಿದಳು.

ಹಿಂದಿನಿಂದ ನನ್ನ ಮಗಳು ಬಗ್ಗಿ ಆ ಮಗುವನ್ನು ಎತ್ತಿಕೊಂಡಳು. "ಇಲ್ಲ ಪುಟ್ಟಿ, ಸಾಯಲಿಲ್ಲ. ಗುಹೆಯಲ್ಲಿ ಉಂಟು. ಅದಕ್ಕೆ ಕಣ್ಣು ಕಾಣುದಿಲ್ಲ ಈಗ, ಹಾಗೆ ಬರ್ಲಿಕ್ಕೆ ಆಗ್ಲಿಲ್ಲ. ಅವಳೇ ಹೋಗ್ತಾಳೆ ಹುಡುಕ್ಲಿಕ್ಕೆ," ಎಂದಳು.

ಮಗು ಸುಮ್ಮನಾಯಿತು. ನಾನು ಪುಟಗಳನ್ನು ಹಿಂದಕ್ಕೆ ತಿರುವಿದೆ. ಗುಹೆಯ ಮಾತು ನಾನು ಓದಿದ ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಪುಸ್ತಕ ಬಿಡಿಸಿದ್ದು ಆಗಷ್ಟೇ. ತಲೆಯೆತ್ತಿದೆ. ಮಗಳು ಮಗುವಿನ ತಲೆಯ ಮೇಲಿನಿಂದ ನನ್ನನ್ನು ನೋಡಿದಳು, ನೋಡಿದೊಡನೆ ಅವಳಿಗೂ ಗೊತ್ತಾಯಿತು. ನಾನು ಪುಸ್ತಕ ಮುಚ್ಚಿದೆ. "ಆಯ್ತಾ?" ಎಂದರು ಅತ್ತಿಗೆ. "ಆಯ್ತು," ಎಂದೆ. ಉಳಿದ ಮಕ್ಕಳು ಒಬ್ಬೊಬ್ಬರಾಗಿ ಗಣಿತ ಓದಿದರು, ವಿಜ್ಞಾನ ಓದಿದರು. ಪಾಯಸ ಬಂತು. ನನ್ನ ಬಟ್ಟಲನ್ನು ಗಂಡನ ಕಡೆ ಸರಿಸಿದೆ.

ಅವತ್ತು ಮನೆಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ನನಗೆ ಸಿಟ್ಟು ಬಂದಿತ್ತು, ಸಣ್ಣದಲ್ಲ. ಪರೀಕ್ಷೆ ಎಂದದ್ದು ಸುಳ್ಳು, ಟೈಮ್ ಇಲ್ಲ ಎಂದದ್ದು ಸುಳ್ಳು. ನಾನು ಮಂಗಳೂರಿನ ಅಂಗಡಿಗೆ ಫೋನ್ ಮಾಡುತ್ತ, ಹೂವಿನ ಕೆಳಗಿನ ಕಟ್ಟನ್ನು ನೋಡುತ್ತ ಹಂಬಲಿಸುತ್ತಿದ್ದಾಗ ಇವಳು ಎಲ್ಲ ಓದಿ ಮುಗಿಸಿ ಕೂತಿದ್ದಳು. ನನ್ನನ್ನು ಬಿಟ್ಟು ಓದಿದ್ದಳು. ಬೇರೆ ತಾಯಂದಿರು ಮಕ್ಕಳು ಕದ್ದು ಸಿಗರೇಟು ಸೇದಿದರೆ ಅಳುತ್ತಾರೇನೋ, ನಾನು ಇದಕ್ಕೆ ಅತ್ತೆ. ಇದರಲ್ಲಿ ನಗುವಂಥದ್ದೇನಿದೆ ಎಂದು ಯಾರಾದರೂ ನನಗೆ ಹೇಳಲಿ.

ಭಾನುವಾರ ಬೆಳಿಗ್ಗೆ ಶಾಲೆ. ಕಾರಿನಲ್ಲಿ ಅವಳು ಇಯರ್‌ಫೋನ್ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಸುತ್ತುತ್ತ ಕೂತಳು. ಪುಸ್ತಕ ನಮ್ಮಿಬ್ಬರ ಸೀಟಿನ ನಡುವೆ ಇತ್ತು. ಹೊರಗೆ ಅಕ್ಟೋಬರಿನ ಬಿಸಿ ಆಗಲೇ ಏರುತ್ತಿತ್ತು, ಹೈವೇಯಲ್ಲಿ ಸ್ಕೂಲ್ ಬಸ್ಸುಗಳ ಸಾಲು. ನಾನೇ ಕೇಳಿದೆ. "ಯಾವಾಗ ಓದಿದೆ?"

"ರಿಲೀಸ್ ಆದ ದಿನವೇ. ಫೋನಿನಲ್ಲಿ," ಎಂದಳು. "ಕ್ಲಾಸಿನಲ್ಲಿ ಎಲ್ಲರೂ ಓದ್ತಿದ್ರು ಅಮ್ಮ. ಯಾರಾದ್ರೂ ಎಂಡ್ ಹೇಳಿಬಿಡ್ತಾರೆ ಅಂತ ಹೆದರಿಕೆ ಆಯ್ತು."

"ನನಗೆ ಹೇಳಬಹುದಿತ್ತು."

"ಹೇಗೆ ಹೇಳುದು? ನೀನು ಅಷ್ಟು ವೆಯ್ಟ್ ಮಾಡ್ತಾ ಇದ್ದೆ."

"ನನಗೆ ತುಂಬ ನೋವಾಗಿದೆ," ಎಂದೆ. ಸುತ್ತಿ ಬಳಸಿ ಹೇಳುವ ವಯಸ್ಸು ನನ್ನದಲ್ಲ. "ಕಥೆ ನೀನು ಮೊದಲು ಓದಿದೆ ಅಂತ ಅಲ್ಲ. ಈ ಪುಸ್ತಕ ಬಂದರೆ ಈ ಕಾರಿನಲ್ಲಿ ನಾವು ಮತ್ತೆ ಮಾತಾಡ್ತೇವೆ ಅಂತ ಇಷ್ಟು ವರ್ಷ ಕಾದೆ. ಮುಂದಿನ ವರ್ಷ ಈ ಹೊತ್ತಿಗೆ ಆ ಸೀಟು ಖಾಲಿ. ಅಷ್ಟೇ ನನಗೆ ಬೇಕಾಗಿದ್ದದ್ದು. ನೀನು ಬೇಡ ಅಂದೆ."

ಅವಳು ಕಿಟಕಿಯ ಕಡೆ ತಿರುಗಿದಳು. ಈಸಾ ಟೌನಿನ ಸಿಗ್ನಲಿನಲ್ಲಿ ಕೆಂಪು ದೀಪ ಬಿತ್ತು. ಬಸ್ಸಿನ ಹಿಂದೆ ನಿಂತೆವು.

"ಬೇಡ ಅಂತ ಅಲ್ಲ," ಎಂದಳು. ಅವಳ ಮೂಗು ಕಟ್ಟಿತ್ತು. "ನಾನು ಓದಿದೆ. ಎಲ್ಲ ಓದಿದೆ. ಎಂಡ್ ಸೂಪರ್ ಉಂಟು. ಆದ್ರೆ ನಂಗೆ ಎಂತದೂ ಆಗ್ಲೇ ಇಲ್ಲ ಅಮ್ಮ. ಅದ್ರಲ್ಲಿ ಡ್ರ್ಯಾಗನ್ ಯಾರೋ ಸರ್ ಮಾತಾಡಿದ ಹಾಗೆ ಮಾತಾಡ್ತದೆ. ದೊಡ್ಡ ದೊಡ್ಡ ಡೈಲಾಗ್. ಬೈಯುದೇ ಇಲ್ಲ. ಅದು ನಮ್ಮದಲ್ಲ. ಅದು ಯಾರೋ ಬೇರೆ ಡ್ರ್ಯಾಗನ್."

ಇಷ್ಟು ವರ್ಷ ನಾನು ಅವಳಿಗೆ ಪುಸ್ತಕದಲ್ಲಿದ್ದುದನ್ನೇ ಹೇಳುತ್ತಿದ್ದೇನೆಂದು ತಿಳಿದಿದ್ದೆ.

"ನಿನ್ನೆ ನೀನು ಓದುವಾಗ," ಎಂದಳು, "ಡ್ರ್ಯಾಗನ್ ಇನ್ನೂ ಬರ್ಲಿಲ್ಲ ಅಲ್ವಾ ಕಥೆಯಲ್ಲಿ. ಅದು ಬಂದು ನಿನ್ನ ವಾಯ್ಸಿನಲ್ಲಿ ಮಾತಾಡ್ಲಿ ಅಂತ ನಾನು ಕಾಯ್ತಾ ಇದ್ದೆ."

ನಾನು ಪುಸ್ತಕ ತೆಗೆದು ಅವಳ ಮಡಿಲಿಗೆ ಹಾಕಿದೆ. "ಹಾಗಾದರೆ ನಾನು ಓದುವುದಿಲ್ಲ," ಎಂದೆ. "ಒಂದು ಪುಟವೂ ಓದುವುದಿಲ್ಲ. ಕಥೆ ನಿನಗೆ ಗೊತ್ತುಂಟು. ದಿನಕ್ಕೆ ಒಂದು ಅಧ್ಯಾಯ, ನೀನು ಹೇಳು. ಒಪ್ಪಂದ ಮುರಿದದ್ದಕ್ಕೆ ದಂಡ."

"ನಂಗೆ ಅಷ್ಟು ಕನ್ನಡ ಬರುದಿಲ್ಲ ಅಮ್ಮ ಈಗ."

"ಡ್ರ್ಯಾಗನ್‌ಗೆ ಇಂಗ್ಲಿಷ್ ಬರುವುದಿಲ್ಲ."

ಇದು ಅತ್ತಿಗೆಯ ಕಿವಿಗೂ ಮುಟ್ಟಿತು. ಬೋರ್ಡ್ ಪರೀಕ್ಷೆಯ ವರ್ಷದಲ್ಲಿ ದಿನಾ ಬೆಳಿಗ್ಗೆ ಕಥೆಯಾ, ಆ ಹೊತ್ತಿನಲ್ಲಿ ಫಾರ್ಮುಲಾ ಬಾಯಿಪಾಠ ಮಾಡಿಸಬಾರದಾ ಎಂದು ಫೋನಿನಲ್ಲಿ ಕೇಳಿದರು. ಮನೆ ಅವಳ ಪುಸ್ತಕಗಳದ್ದು, ಸಂಜೆ ಟ್ಯೂಷನ್ನಿನದ್ದು, ರಜೆ ಮಾದರಿ ಪ್ರಶ್ನೆಪತ್ರಿಕೆಗಳದ್ದು, ಹೈವೇಯ ಟ್ರಾಫಿಕ್ ಮಾತ್ರ ನಮ್ಮದು, ಅದನ್ನು ಯಾರಿಗೂ ಕೊಡುವುದಿಲ್ಲ ಎಂದೆ. ಅವರು ಫೋನ್ ಇಟ್ಟರು. ಮಗಳಿಗೆ ಪರೀಕ್ಷೆಯಲ್ಲಿ ಎಷ್ಟು ಬಂತೆಂದು ಇಲ್ಲಿ ಬರೆಯುವುದಿಲ್ಲ. ಹೆಚ್ಚು ಬಂದಿದ್ದರೆ ಡ್ರ್ಯಾಗನ್ ಒಳ್ಳೆಯದೆಂದೂ ಕಡಿಮೆ ಬಂದಿದ್ದರೆ ಕೆಟ್ಟದ್ದೆಂದೂ ತೀರ್ಮಾನಿಸುವವರಿಗೆ ನಾನು ಆ ಅವಕಾಶ ಕೊಡಬೇಕಾಗಿಲ್ಲ.

ಆ ಭಾನುವಾರ ಸಿಗ್ನಲಿನಲ್ಲಿ ಅವಳು ಕಣ್ಣು ಒರೆಸಿಕೊಂಡು ಶುರುಮಾಡಿದಳು. ಹುಡುಗಿ ದಡ ಬಿಟ್ಟು ಹೊರಡುತ್ತಾಳೆ, ಬಂಡೆ ಹತ್ತುತ್ತಾಳೆ. ಬಂಡೆ ಎಂಬ ಮಾತು ನೆನಪಾಗದೆ "ದೊಡ್ಡ ಕಲ್ಲು" ಎಂದಳು, ನಾನು ತಿದ್ದಲಿಲ್ಲ. ಅರ್ಧ ವಾಕ್ಯ ಇಂಗ್ಲಿಷಿಗೆ ಜಾರುತ್ತಿತ್ತು, ತಾನೇ ನಿಲ್ಲಿಸಿ ಎಳೆದು ತರುತ್ತಿದ್ದಳು. ಗುಹೆಯ ಬಾಯಿಗೆ ಬಂದು ಹುಡುಗಿ ಒಳಗೆ ಇಣುಕುತ್ತಾಳೆ. ಒಳಗೆ ಕತ್ತಲು. ಯಾರೋ ಕೆಮ್ಮಿದ ಸದ್ದು. ಮಗಳು ಕೆಮ್ಮಿದಳು, ಥೇಟ್ ನಾನು ಕೆಮ್ಮುತ್ತಿದ್ದ ಹಾಗೆ, ನನ್ನ ಅಜ್ಜಿ ಕೆಮ್ಮುತ್ತಿದ್ದ ಹಾಗೆ. ಅವಳು ನನ್ನ ಅಜ್ಜಿಯನ್ನು ಕಂಡವಳೇ ಅಲ್ಲ. ಹಸಿರು ದೀಪ ಬಿದ್ದಿತ್ತು, ಹಿಂದಿನ ಗಾಡಿಯವನು ಹಾರ್ನ್ ಒತ್ತಿ ಹಿಡಿದಿದ್ದ. ಒತ್ತಲಿ ಎಂದು ನಾನು ಕಾರು ಬಿಡದೆ ಕೂತೆ.

"ಎಂತ ಮಾರಾಯ್ತಿ," ಎಂದಿತು ಡ್ರ್ಯಾಗನ್, "ಇಷ್ಟು ತಡವಾ? ಕಾದು ಕಾದು ನನ್ನ ಕಣ್ಣೇ ಹೋಯ್ತು."